ಟ್ರೇಲರ್‌ನೊಳಗೆ ಮಲಗಿ ನೋಡಿದ ಅಳತೆ

ಟೇಪು ಹಿಡಿದು ಅಳೆಯುವುದು ತಮ್ಮ ಕಣ್ಣನ್ನೇ ನಂಬದವರ ಕೆಲಸ. ನಾನು, ಪಕೀರಬ್ಬ, ಕತಾರಿನಲ್ಲಿ ಮೂವತ್ತೊಂದು ವರ್ಷ ಕಳೆದವನು; ಪ್ರತಿ ರಜೆಗೂ ಊರಿಗೆ ಹೊರಡುವಾಗ ಕೈಯಾರೆ ಕಾರ್ಟನ್ ಕಟ್ಟಿದವನು! ಎರಡು ಕಂಬಳಿ, ಅದರ ನಡುವೆ ಮಿಕ್ಸಿ, ಮಿಕ್ಸಿ ಜಾರಿನೊಳಗೆ ಬಾದಾಮಿ, ಬಾದಾಮಿಯ ಸಂದಿಯಲ್ಲಿ ಅತ್ತರಿನ ಬಾಟಲಿ. ಹಗ್ಗ ಬಿಗಿದು ವಿಮಾನ ನಿಲ್ದಾಣದ ತೂಕದ ಯಂತ್ರದ ಮೇಲಿಟ್ಟರೆ ಅಂಕಿ ಮೂವತ್ತು ಕಿಲೋಕ್ಕೆ ಬಂದು ಸಲಾಂ ಹೊಡೆದು ನಿಲ್ಲಬೇಕು. ಮನಸ್ಸು ಮಾಡಿದ್ದರೆ ಒಂಟೆಯನ್ನೂ ಮಡಚಿ ಕಾರ್ಟನ್ನಿಗೆ ಹಾಕುತ್ತಿದ್ದೆ. ಒಂಟೆ ಒಪ್ಪಲಿಲ್ಲ, ಅಷ್ಟೆ.

ನನ್ನದು ಮರಳಿನ ಮೇಲೆ ಹುಲ್ಲು ಹಾಸುವ ವ್ಯಾಪಾರ. ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲನ್ನು ಪಿಕಪ್‌ನಲ್ಲಿ ತಂದು ಅಂಗಳದಲ್ಲಿ ಬಿಡಿಸುವುದು. ಅಲ್ ವುಕೈರ್‌ನ ಅಬೂ ನಾಸಿರ್ ಮಗಳ ನಿಶ್ಚಿತಾರ್ಥಕ್ಕೆ ಇಡೀ ಅಂಗಳ ಹಸಿರಾಗಬೇಕೆಂದು ಹೇಳಿಕಳಿಸಿದರು.

"ಇವತ್ತು ಸಂಜೆಯ ಮಗ್ರಿಬ್ ಬಾಂಗಿಗೆ ಮುಂಚೆ ಮುಗಿಸಿದರೆ ನನ್ನ ಮೂರು ವಿಲ್ಲಾಗಳ ತೋಟ ವರ್ಷವಿಡೀ ನಿನಗೇ. ಇಲ್ಲವಾದರೆ ಖಲಾಸ್!"

ಪಿಕಪ್‌ನಲ್ಲಿ ನಾಲ್ಕು ಸಲ ಓಡಾಡಿದರೆ ಬಾಂಗು ಮೊದಲು, ಹುಲ್ಲು ಆಮೇಲೆ. ಹಾಗಾಗಿ ಪಿಕಪ್‌ನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಕೊಳ್ಳುವುದೆಂದು ಘೋಷಿಸಿದೆ. ಅಲ್ ಮುಂತಜಾದ ನಮ್ಮ ಫ್ಲ್ಯಾಟಿನಲ್ಲಿ ಹೊಲಿಗೆ ಮೆಷಿನ್ ಟಕ್ಕನೆ ನಿಂತಿತು. ಅದೇ ಅಬೂ ನಾಸಿರರ ಮನೆಯ ಪರದೆಗಳೆಲ್ಲ ನನ್ನ ಹೆಂಡತಿ ಝುಲೈಖಾಳ ಹೊಲಿಗೆ.

"ಇವರೇ, ಈ ಟೇಪು ಹಿಡ್ಕೊಂಡು ಹೋಗಿ."

"ಬ್ಲೌಸ್ ಅಳೆಯುವ ಟೇಪಲ್ಲಿ ಟ್ರೇಲರ್ ಅಳೆಯುದಾ? ಜನ ಎಂತ ಹೇಳ್ಯಾರು!"

"ಟೇಪು ಬೇಡ. ಅವರ ಗೇಟು ಎಷ್ಟು ಅಗಲ ಉಂಟು ಅಂತ ಆದ್ರೂ ಕೇಳಿ. ನಾನು ಮೊನ್ನೆ ಅಲ್ಲಿ..."

"ದೊಡ್ಡ ಮನೆಗೆ ದೊಡ್ಡ ಗೇಟೇ ಇರ್ತದೆ ಮಾರಾಯ್ತಿ!"

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಮತ್ತೆ ಮೆಷಿನ್ ತುಳಿದಳು. ಆ ಸದ್ದಿನಲ್ಲೇ ಏನೋ ಇತ್ತು, ನನಗೆ ಕೇಳಿಸಲಿಲ್ಲ.

ಇಂಡಸ್ಟ್ರಿಯಲ್ ಏರಿಯಾದ ಅಂಗಡಿಯಲ್ಲಿ ಮೂರು ಟ್ರೇಲರ್ ನಿಂತಿದ್ದವು. ನನ್ನ ಜೊತೆಗೆ ಗದಗ ಕಡೆಯ ಮೇಸ್ತ್ರಿ ವಿರುಪಾಕ್ಷಪ್ಪ. ಕಾರ್ಟನ್ ಶಾಸ್ತ್ರದ ಮೊದಲ ಸೂತ್ರ: ಒಳಗೆ ಎಷ್ಟು ಹಿಡಿಯುತ್ತದೆ? ಚಪ್ಪಲಿ ಬಿಚ್ಚಿ ಸಣ್ಣದರೊಳಗೆ ಮಲಗಿದೆ. ಕಾಲು ಹೊರಗೆ. ನಡುವಿನದರಲ್ಲಿ ಉದ್ದಕ್ಕೆ ಸರಿಹೋದೆ. ದೊಡ್ಡದರಲ್ಲಿ ಅಡ್ಡ ಮಲಗಿದರೂ ಪಾದ ತಾಗಲಿಲ್ಲ! ಆಕಾಶ ನೋಡುತ್ತಲೇ "ಇದೇ!" ಎಂದು ಅಪ್ಪಣೆ ಕೊಡಿಸಿದೆ.

"ಸಾಹೇಬ್ರ, ಒಳಗ ಅಡ್ಡ ಮಕ್ಕೊಂಡು ನೋಡಿದ್ರಿ, ಖರೇ. ಗಾಲಿ ಹೊರಗ ಅದಾವಲ್ರಿ?"

"ಗಾಲಿ ಮೇಲೆ ನಾವು ಹುಲ್ಲು ಹೇರ್ತೇವಾ ವಿರುಪಾಕ್ಷಪ್ಪ?"

"ಇಲ್ರಿ."

"ಮತ್ತೆ!"

ಮಧ್ಯಾಹ್ನ ಹುಲ್ಲು ಹೇರಿಕೊಂಡು ಹೊರಟೆವು. ದಾರಿಯಲ್ಲಿ ಜನ ನಮ್ಮನ್ನೇ ನೋಡುತ್ತಿದ್ದರು. ಒಂದು ಫುಟ್‌ಬಾಲ್ ಮೈದಾನ ತನ್ನಷ್ಟಕ್ಕೆ ಊರು ಬಿಟ್ಟು ಹೋಗುತ್ತಿದೆ ಅಂದುಕೊಂಡಿರಬೇಕು. ಅಬೂ ನಾಸಿರರ ಗೇಟು ಬಂತು. ಪಿಕಪ್ ಒಳಗೆ ಹೋಯಿತು. ಟ್ರೇಲರ್‌ನ ಮೂತಿ ಒಳಗೆ ಹೋಯಿತು. ಅರ್ಧ ಹೊಟ್ಟೆಯೂ ಒಳಗೆ ಹೋಯಿತು. ಆಮೇಲೆ...

ಕರ್ರ್ರ್... ಧಡ್!

ಎರಡು ಗಾಲಿಗಳ ಮಡ್‌ಗಾರ್ಡೂ ಎರಡು ಕಂಬಗಳ ನಡುವೆ ಸಿಕ್ಕಿಬಿದ್ದಿದ್ದವು. ಬಂದದ್ದು ಬರಲಿ ಎಂದು ಆಕ್ಸಿಲರೇಟರ್ ಒತ್ತಿದೆ. ಅದೇ ನಾನು ಮಾಡಬಾರದಾಗಿದ್ದದ್ದು. ಟ್ರೇಲರ್ ಬಾಟಲಿಯ ಬಿರಡೆಯಂತೆ ಇನ್ನಷ್ಟು ಬಿಗಿಯಾಯಿತು. ಹಿಂದೆ ಬರುವುದಿಲ್ಲ, ಮುಂದೆ ಹೋಗುವುದಿಲ್ಲ. ಮೇಲಿಂದ ಬೆಂಕಿಯಂಥ ಬಿಸಿಲು. ಸುರುಳಿಯೊಳಗೆ ಹುಲ್ಲು ನನ್ನ ಮುಖದಂತೆಯೇ ಬಾಡುತ್ತಿದೆ.

"ಗಾಲಿ ಹೊರಗ ಅದಾವ್ರಿ," ಎಂದ ವಿರುಪಾಕ್ಷಪ್ಪ.

ಅಬೂ ನಾಸಿರ್ ಓಡಿಬಂದರು. "ಯಾ ಪಕೀರ್! ಏನಿದು? ನನ್ನ ಮನೆಗೆ ಬಾಗಿಲು ಹಾಕಲು ನಿನಗೆ ಹೇಳಿದವರ್‍ಯಾರು?"

ಅಷ್ಟರಲ್ಲಿ ಹಿಂದಿನಿಂದ ಹಾರ್ನ್! ಗಂಡಿನ ತಂದೆ ಹೇಳಿದ್ದಕ್ಕಿಂತ ಎರಡು ಗಂಟೆ ಮೊದಲೇ ಬಂದಿದ್ದರು. ಅವರ ಬಿಳಿ ಕಾರಿಗೂ ಬೀಗರ ಮನೆಗೂ ನಡುವೆ ನನ್ನ ಹುಲ್ಲಿನ ಬೆಟ್ಟ. ಗಾಬರಿಯಲ್ಲಿ ನನ್ನ ಕನ್ನಡ, ಬ್ಯಾರಿ, ಹಿಂದಿ, ಅರಬಿ ನಾಲ್ಕೂ ಒಟ್ಟಿಗೆ ಬಾಯಿಗೆ ಬಂದು, ಟ್ರೇಲರ್‌ನಂತೆ ಅಲ್ಲೇ ಸಿಕ್ಕಿಬಿದ್ದವು. ಮೂರು ವಿಲ್ಲಾಗಳು ಕಣ್ಣೆದುರೇ ಮರಳಲ್ಲಿ ಹೂತುಹೋಗುತ್ತಿದ್ದವು.

ಆಗ ನಿಶ್ಚಿತಾರ್ಥಕ್ಕೆಂದು ಬಂದು ಒಳಗೆ ಪರದೆ ಕಟ್ಟುತ್ತಿದ್ದ ಝುಲೈಖಾ ಹೊರಗೆ ಬಂದಳು. ಕೊರಳಲ್ಲಿ ಟೇಪು. ಒಂದು ಮಡ್‌ಗಾರ್ಡಿನಿಂದ ಇನ್ನೊಂದಕ್ಕೆ ಅದನ್ನು ಹಿಡಿದಳು.

"ಏಳು ಅಡಿ ಮೂರು ಇಂಚು. ಗೇಟು ಬರೀ ಏಳು ಅಡಿ."

"ನಿನಗೆ ಹೇಗೆ ಗೊತ್ತು?"

"ಗೇಟಿನ ಅಲಂಕಾರದ ಬಟ್ಟೆ ಹೊಲಿದದ್ದು ಯಾರು? ಮೊನ್ನೆಯೇ ಅಳೆದು ಪುಸ್ತಕದಲ್ಲಿ ಬರ್ದಿದ್ದೇನೆ. ಹೇಳ್ಲಿಕ್ಕೆ ಬಿಟ್ರಾ ನೀವು?"

ಆಮೇಲೆ ನನ್ನ ಕಡೆ ನೋಡಲೇ ಇಲ್ಲ. "ವಿರುಪಾಕ್ಷಣ್ಣ, ಅರ್ಧ ಟ್ರೇಲರ್ ಒಳಗೇ ಉಂಟಲ್ಲ? ಮುಂದಿನ ಹಲಗೆ ಬಿಚ್ಚಿ, ಹುಲ್ಲನ್ನು ಅಲ್ಲಿಂದಲೇ ಇಳಿಸಿ. ಖಾಲಿಯಾದ್ಮೇಲೆ ಕೊಂಡಿ ಕಳಚಿ ಎಲ್ಲರೂ ಸೇರಿ ಹಿಂದಕ್ಕೆ ಎಳೆಯಿರಿ. ಯಲ್ಲಾ, ಬೇಗ!"

ಆಳುಗಳು, ಡ್ರೈವರು, ಕೊನೆಗೆ ಗಂಡಿನ ಕಡೆಯ ಇಬ್ಬರು ತರುಣರೂ ತೋಳೇರಿಸಿ ಎಳೆದರು. ಟ್ರೇಲರ್ ಮಡ್‌ಗಾರ್ಡುಗಳನ್ನು ಕಂಬಕ್ಕೇ ಕಾಣಿಕೆಯಾಗಿ ಬಿಟ್ಟು ಹೊರಗೆ ಬಿತ್ತು. ಕೊನೆಯ ಸುರುಳಿ ಬಿಡಿಸಿ ನೀರು ಹಾಯಿಸುವುದಕ್ಕೂ ಮಗ್ರಿಬ್ ಬಾಂಗು ಕೇಳುವುದಕ್ಕೂ ಸರಿಹೋಯಿತು.

ಅಬೂ ನಾಸಿರ್ ಮಾತಿಗೆ ತಪ್ಪುವವರಲ್ಲ. "ಮೂರು ವಿಲ್ಲಾ ನಿನ್ನ ಕಂಪನಿಗೇ," ಎಂದರು. ನಾನು ಎದೆ ಉಬ್ಬಿಸುವಷ್ಟರಲ್ಲಿ, "ಆದರೆ ಮ್ಯಾನೇಜರ್ ಮದಾಮ್. ನೀನು ಗಾಡಿ ಓಡಿಸು. ಗೇಟಿನ ಹೊರಗೆ," ಎಂದು ಸೇರಿಸಿದರು.

ಮರುದಿನ ಮ್ಯಾನೇಜರ್ ಮಡ್‌ಗಾರ್ಡಿನ ದುಡ್ಡು ಕಟ್ಟಿ ದೊಡ್ಡ ಟ್ರೇಲರ್ ಹಿಂತಿರುಗಿಸಿ, ಗಾಲಿಯಿಂದ ಗಾಲಿಗೆ ಟೇಪು ಹಿಡಿದೇ ನಡುವಿನದನ್ನು ತಂದರು. ಎಲ್ಲರಿಗೂ ಹಸಿರು ಸಮವಸ್ತ್ರವನ್ನೂ ಹೊಲಿದರು. ವಿರುಪಾಕ್ಷಪ್ಪನಿಗೆ ಮೈಗೆ ಎರಕ ಹೊಯ್ದ ಹಾಗೆ ಕೂತಿತು. ನನ್ನದು ಮಾತ್ರ ಹೊಟ್ಟೆಯ ಹತ್ತಿರ ಗೇಟಿನಲ್ಲಿ ಸಿಕ್ಕಿದ ಟ್ರೇಲರ್! ಉಸಿರು ಬಿಟ್ಟರೆ ಗುಂಡಿ ಹಾರಿ ದೋಹಾ ದಾಟುವ ಸ್ಥಿತಿ.

"ಝುಲೈಖಾ, ಇದೆಂತ ಹೊಲಿಗೆ? ಅಳತೆ ತಗೊಳ್ಳಲಿಲ್ವಾ?"

ಅವಳು ಸೂಜಿಗೆ ನೂಲು ಪೋಣಿಸುತ್ತಾ ಹೇಳಿದಳು:

"ಎಲ್ಲರದ್ದೂ ಟೇಪಲ್ಲಿ ತಗೊಂಡೆ. ನಿಮಗೆ ಟೇಪು ಆಗುವುದಿಲ್ಲ ಅಲ್ವಾ? ನಿಮ್ಮದು ಮಾತ್ರ ಕಣ್ಣಳತೆಯಲ್ಲಿ ಹೊಲಿದೆ."