ಟೆಡ್ಡಿ ಕರಡಿಯ ನವಿಲು

ನಾನು ಮಾಡಿದ ನವಿಲನ್ನು ಒಯ್ಯಲು ಪ್ಯಾರಿಸ್ಸಿನಿಂದ ವಿಮಾನ ಬಂದಿತ್ತು. ಸುಳ್ಳು. ಬಂದದ್ದು ಬೈಲಹೊಂಗಲದ ಟೆಂಪೋ, ಅದೂ ತಡವಾಗಿ. ಏನು ಮಾಡೋದು, ನಾನು ನೆಟ್ಟಗೆ ಒಂದು ಕೆಲಸ ಹಿಡಿದರೆ ಸಾಕು, ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ.

ಕಿವಿ

ಮಕ್ಕಳು ಆಡಿ ಬಿಟ್ಟ ಟೆಡ್ಡಿ ಕರಡಿ, ಮೊಲ, ನಾಯಿಗಳನ್ನು ಮನೆಮನೆಗೆ ಹೋಗಿ ಬೇಡಿ ತಂದೆ. ಕಡಿಮೆ ಬಿದ್ದದ್ದನ್ನು ಸಂತೆಯಲ್ಲಿ ಹಳೇ ಅರಿವೆ ಮಾರುವ ಚಾಚಾ ಕೊಟ್ಟರು. ಇವನ್ನೆಲ್ಲ ಹೊಲಿದು ಆಳೆತ್ತರದ ನವಿಲು ಮಾಡಿ, ರಾಮದುರ್ಗದ ಒಂದು ಶಾಲೆಯ ಕಲಾ ಪ್ರದರ್ಶನದಲ್ಲಿ ನಿಲ್ಲಿಸಿಯೇ ಸೈ ಎಂದು ಹಟ ತೊಟ್ಟಿದ್ದೆ. ಮೊದಲು ಗೊಂಬೆಗಳನ್ನೆಲ್ಲ ತೊಳೆದು, ಕಿವಿಗೆ ಕ್ಲಿಪ್ಪು ಹಾಕಿ ತಂತಿಗೆ ಒಣಹಾಕಿದೆ. ಪಕ್ಕದ ಮನೆಯ ಅಜ್ಜಿ ಬಹಳ ಹೊತ್ತು ನೋಡಿ ಅಂದಳು: "ತಮ್ಮಾ, ಸಾಲ್ಯಾಗ ನಿನ್ನ ಕಿವಿ ಯಾರರ ಹಿಂಗ ಹಿಡದಿದ್ರ, ಇಷ್ಟೊತ್ತಿಗೆ ನೀನೂ ಸುದ್ದ ಆಗಿರ್ತಿದ್ದಿ."

ಒಲೆ

ಕಾಳಿನ ಚೀಲ ಇಡುವ ಕೋಣೆಯನ್ನೆಲ್ಲ ನವಿಲೇ ನುಂಗಿತ್ತು. ಅದು ರಾಮದುರ್ಗದಲ್ಲಿ ನಿಲ್ಲದೆ ವಾಪಸ್ ಬಂದರೆ ಬಚ್ಚಲ ಒಲೆಗೆ ಹಾಕುವುದಾಗಿ ಹೆಂಡತಿ ಹೇಳಿಬಿಟ್ಟಳು. ಮುಖ್ಯ ಅತಿಥಿ ಬರುವ ಹೊತ್ತಿಗೆ ಅದು ನಿಂತಿರದಿದ್ದರೆ ನನ್ನನ್ನೂ ಹಾಕು ಎಂದೆ.

"ನೀವು ಹಸೀ ಕಟಗಿ. ಹೊತ್ತೂದಿಲ್ಲ" ಅಂದಳು.

ದೃಷ್ಟಿ

ನಮ್ಮ ಕಡೆ ಗಾಡಿಗೆ ದೃಷ್ಟಿ ತಾಗಬಾರದೆಂದು ಮುಂದೆ ಗೊಂಬೆ ಕಟ್ಟುತ್ತಾರೆ. ಇದು ನನಗೆ ಗೊತ್ತಿತ್ತು, ಆದರೂ ನವಿಲನ್ನು ಟೆಂಪೋದವನ ಕೈಗೆ ಕೊಟ್ಟು ನಾನು ಬಸ್ಸಿನಲ್ಲಿ ಮುಂದೆ ಹೋದೆ. ಸವದತ್ತಿಯಲ್ಲಿ ಅವನು ಚಹಾಕ್ಕೆ ನಿಂತಾಗ ಬೇರೆ ಡ್ರೈವರುಗಳು ತಮ್ಮ ಗಾಡಿಗೂ ಗೊಂಬೆ ಕೇಳಿದರಂತೆ, ಇವನು ಬಾಲದ ಗೊಂಬೆಗಳನ್ನೆಲ್ಲ ಬಿಚ್ಚಿ ಹಂಚಿಬಿಟ್ಟ. ರಾಮದುರ್ಗಕ್ಕೆ ಬಂದದ್ದು ಬರೀ ಮೈ ಮತ್ತು ಕುತ್ತಿಗೆ.

"ಬಾಲ ಎಲ್ಲೋ?"

"ಪುಣ್ಯದ ಕೆಲಸಾರೀ ಸಾಹೇಬ್ರ, ನಿಮಗೂ ಪಾಲ ಐತಿ."

ಅಷ್ಟರಲ್ಲಿ ಹೆಡ್‌ಮಾಸ್ತರು ಬಂದರು. ಸುತ್ತ ಒಂದು ಸಲ ತಿರುಗಿ, "ಕೋಳಿ ಚೊಲೋ ಆಗೇತಿ ನೋಡ್ರಿ" ಅಂದರು.

ಗರಿ

ಅತಿಥಿ ಬರಲು ಇನ್ನೊಂದು ತಾಸು. ಟೆಂಪೋದವನಿಂದ ಫೋನ್ ಹಚ್ಚಿಸಿದೆ. ಕಟ್ಟಿದ ದೃಷ್ಟಿಗೊಂಬೆ ಬಿಚ್ಚಿದರೆ ಕೇಡು, ಬಿಚ್ಚುವುದಿಲ್ಲ ಎಂದು ಡ್ರೈವರುಗಳು ಫೋನಿನಲ್ಲೇ ಹೇಳಿದರು. ಹಾಗಾದರೆ ಗಾಡಿ ಸಮೇತ ಬರ್ರಿ ಎಂದೆ. ಹೇಗೂ ಇತ್ತಲೇ ಹೊರಟಿದ್ದವರು, ಬಂದರು. ನವಿಲಿನ ಹಿಂದೆ ಅರ್ಧಚಂದ್ರಾಕಾರವಾಗಿ ಲಾರಿ, ಟೆಂಪೋ ನಿಲ್ಲಿಸಿದೆ. ಒಂದೊಂದರ ಮೂತಿಗೂ ಒಂದೊಂದು ಕರಡಿ. ನವಿಲು ಗರಿ ಬಿಚ್ಚಿತು!

ಅತಿಥಿಗಳು ಮನಸಾರೆ ಹೊಗಳತೊಡಗಿದರು. ಆಗಲೇ ಒಂದು ಗರಿಗೆ ಫೋನ್ ಬಂತು, ನೇಸರಗಿಗೆ ಇಟ್ಟಿಗೆ ಲೋಡಂತೆ. ಹಾರ್ನ್ ಹೊಡೆದು ಹೊರಟಿತು. ಅದರ ಹಿಂದೆ ಇನ್ನೊಂದು. ಅತಿಥಿಗಳು ಹೌಹಾರಿ ಪಕ್ಕಕ್ಕೆ ಸರಿದರು. ಹೆಡ್‌ಮಾಸ್ತರು ಸಾವಕಾಶ ಎದ್ದು ಮೈಕು ಹಿಡಿದರು.

"ಗಾಬರಿ ಆಗಬ್ಯಾಡ್ರಿ. ನವಿಲಿಗೆ ಇದು ಗರಿ ಉದರೂ ಕಾಲ."

ಮೈಯಂತೂ ಇವತ್ತಿಗೂ ಅಲ್ಲೇ ನಿಂತಿದೆ. ನಕ್ಕಿರಲ್ಲ? ಹಂಗಾದ್ರ ಈ ಅಂಗಡ್ಯಾಗ ನಾ ಕುಡದ ಚಹಾದ ರೊಕ್ಕಾನೂ ನೀವೇ ಕೊಟ್ಟುಬಿಡ್ರಿ.