ಕೊಸರು ಕೊಟ್ಟ ಕ್ಯಾಮೆರಾ

ಆರಿಸಿಕೊಳ್ಳುವ ವಿಷಯದಲ್ಲಿ ನಾನು ಮೊದಲಿನಿಂದಲೂ ದಡ್ಡ. ಹೋಟೆಲಿನಲ್ಲಿ ಮಾಣಿ ತಿಂಡಿಯ ಪಟ್ಟಿಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ ಮೇಲೆ “ಇನ್ನೊಂದು ಸಲ ಹೇಳಪ್ಪ” ಎನ್ನುವ ಗಿರಾಕಿ ನಾನೇ. ತಮಾಷೆಯೆಂದರೆ, ಬಂಗಾರಪೇಟೆಯ ಕಾಲೇಜಿನಲ್ಲಿ ನಾನು ಹೇಳುವ ಪಾಠ ಅರ್ಥಶಾಸ್ತ್ರ. ಅದರಲ್ಲೂ ‘ಗ್ರಾಹಕನ ಆಯ್ಕೆ’ ಎಂಬ ಅಧ್ಯಾಯಕ್ಕೆ ನನ್ನನ್ನು ಬಿಟ್ಟರಿಲ್ಲ ಎಂದು ಹೆಸರು. ನನ್ನ ಹೆಂಡತಿಯನ್ನು ಆರಿಸಿದ್ದು ನನ್ನ ದೊಡ್ಡಮ್ಮ. ಹಾಗಾಗಿ ಆ ಒಂದು ಕೆಲಸ ಕೆಟ್ಟಿಲ್ಲ.

ಬೇತಮಂಗಲದಲ್ಲಿರುವ ಈ ದೊಡ್ಡಮ್ಮನಿಗೆ, ಗೋಡೆಗೆ ಹಾಕುವ ತನ್ನ ಪಟ ತಾನಿರುವಾಗಲೇ ತಯಾರಾಗಬೇಕೆಂಬ ಹಟ ಹುಟ್ಟಿತು. ನಮ್ಮ ಮನೆಗಳಲ್ಲಿ ಹಿರಿಯರು ಕಣ್ಮುಚ್ಚಿದ ಮೇಲೆಯೇ ಪಟದ ನೆನಪಾಗುವುದು. ಆಗ ಯಾವುದೋ ಮದುವೆಯ ಗುಂಪಿನಿಂದ ಅವರ ತಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸುತ್ತೇವೆ. ದೊಡ್ಡಪ್ಪನ ಪಟದಲ್ಲಿ ಅವರ ಹೆಗಲ ಮೇಲೆ ಇವತ್ತಿಗೂ ಯಾರದೋ ಕೈ ಇದೆ. ದೊಡ್ಡಮ್ಮ ಹಾರ ಹಾಕುವಾಗ ಆ ಕೈ ಮುಚ್ಚುವ ಹಾಗೆ ಸರಿಮಾಡಿ ಹಾಕುತ್ತಾಳೆ.

“ನಂಗೆ ಅಂಗಾಗ್ಬಾರ್ದು ಕಣ್ಲಾ” ಎಂದಳು. “ಫೋನ್‌ನಾಗೆ ಬ್ಯಾಡ. ಅದ್ರಾಗೆ ಯಾರು ತೆಗುದ್ರೂ ಕಳ್ಳಿ ಕಂಡಂಗೆ ಕಾಣ್ತೀನಿ. ಟಕ್ ಅಂತದಲ್ಲ, ಆ ಹಳೇ ಕ್ಯಾಮೆರಾ, ಅದ್ರಾಗೆ ತೆಗಿ.”

ಆಂಡರ್ಸನ್‌ಪೇಟೆಯಲ್ಲಿ ಸೆಲ್ವಣ್ಣನ ಹಳೆಯ ಸ್ಟುಡಿಯೋ ಇದೆ. ಗಾಜಿನ ಮೇಜಿನ ಮೇಲೆ ಆತ ಮೂರು ರೀಲು ಕ್ಯಾಮೆರಾಗಳನ್ನಿಟ್ಟ. ಒಂದು ಅಪ್ಪಟ ಕಬ್ಬಿಣ. ಬ್ಯಾಟರಿಯ ಹಂಗಿಲ್ಲ, ಗುಂಡಿ ಒತ್ತಿದರೆ ಟ್ರಂಕಿನ ಮುಚ್ಚಳ ಬಿದ್ದ ಸದ್ದು. ಇನ್ನೊಂದು ಹಗುರ, ಬೆಳಕು ಎಷ್ಟಿದೆಯೆಂದು ಒಳಗೊಂದು ಮುಳ್ಳು ತೋರಿಸುತ್ತದೆ, ಆದರೆ ಮುಳ್ಳು ಏಳಬೇಕಾದರೆ ಈಗೆಲ್ಲೂ ಸಿಗದ ಬ್ಯಾಟರಿ ಬೇಕು. ಮೂರನೆಯದು ನೋಡಲು ಬಲು ಚೆಲುವೆ, ಲೆನ್ಸಿನೊಳಗೆ ಮಾತ್ರ ಬೂಷ್ಟು. ಶನಿವಾರ ಬಂತೆಂದರೆ ಹೋಗಿ ಮೂರನ್ನೂ ಕಣ್ಣಿಗಿಟ್ಟು ಟಕ್ಕೆನಿಸಿ, ಚಹಾ ಕುಡಿದು ವಾಪಸು ಬರುತ್ತಿದ್ದೆ.

“ಎನ್ನ ಸಾರ್ ಇದು!” ಎಂದ ಸೆಲ್ವಣ್ಣ ಕೊನೆಗೊಮ್ಮೆ. “ಪೊಣ್ಣು ನೋಡಕ್ಕೆ ಬರೋರೂ ಇಷ್ಟು ಸಲ ಬರಲ್ಲ. ಒಂದು ತಗೊಳ್ಳಿ ಸಾರ್, ಮೂರೂ ಫೋಟೋನೇ ತೆಗೆಯೋದು.”

ಮಾನಕ್ಕಂಜಿ ಕಬ್ಬಿಣದ್ದನ್ನೇ ತಂದೆ. ರೀಲನ್ನೂ ನಾನೇ ತುಂಬಿದೆ. ಭಾನುವಾರ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಮೂಗುಬೊಟ್ಟು ಒರೆಸಿಕೊಂಡು ಜಗಲಿಯ ಮೇಲೆ ಕೂತಳು. ಟಕ್, ಟಕ್. ಡಬ್ಬಿಯ ಮೇಲೆ ಮೂವತ್ತಾರು ಚಿತ್ರವೆಂದಿತ್ತು. ಅದು ದಾಟಿದರೂ ರೀಲು ಮುಗಿಯಲೊಲ್ಲದು! ಹಳೆಯ ಮಾಲಿನ ಧಾರಾಳವೇ ಧಾರಾಳ, ಸೊಪ್ಪಿನವಳ ಹಾಗೆ ಕೊಸರು ಕೊಡುತ್ತಿದೆ ಎಂದು ಹಿಗ್ಗಿದೆ. ಬಿಟ್ಟಿ ಬಂದದ್ದನ್ನು ಬಿಡಬಾರದೆಂದು ನೆರೆಮನೆಯವರನ್ನೂ ಕರೆದು ನಿಲ್ಲಿಸಿದೆ. ಅವರ ಮೇಕೆಗಳನ್ನೂ ತೆಗೆದೆ. ನನ್ನ ಆಯ್ಕೆಯ ಬಗ್ಗೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಮರುದಿನ ಸೆಲ್ವಣ್ಣ ಕ್ಯಾಮೆರಾದ ಪಕ್ಕದ ಹಿಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ, ನನ್ನ ಮುಖ ನೋಡಿ, ಹಾಡಹಗಲಲ್ಲೇ ಹಿಂದಿನ ಬಾಗಿಲು ತೆರೆದ. “ಬೆಳಕು! ಬೆಳಕು! ರೀಲು ಹಾಳಾಯ್ತು!” ಎಂದು ನಾನು ಕಿರುಚಿದೆ. ಒಳಗೆ ರೀಲಿನ ತುದಿ ಅದನ್ನು ಎಳೆದುಕೊಳ್ಳುವ ಸುರುಳಿಗೆ ಸಿಕ್ಕದೆ, ನಾನು ಇಟ್ಟಲ್ಲೇ ಹಾಯಾಗಿ ಮಲಗಿತ್ತು. ದೊಡ್ಡಮ್ಮನಿಂದ ಮೇಕೆಯವರೆಗೆ ಯಾರೊಬ್ಬರೂ ಅದರೊಳಗೆ ಕಾಲಿಟ್ಟಿರಲಿಲ್ಲ.

ಅಳುಕುತ್ತಲೇ ಬೇತಮಂಗಲಕ್ಕೆ ಹೋಗಿ ನಡೆದದ್ದು ಹೇಳಿದೆ. ನಾಲ್ಕು ಮಾತು ಬೈಯುತ್ತಾಳೆಂದುಕೊಂಡರೆ ದೊಡ್ಡಮ್ಮನ ಮುಖ ಅರಳಿತು.

“ಅಯ್ಯೋ ನಾಯ್ನಾ, ಒಳ್ಳೇದೇ ಆಯ್ತು ಬಿಡು. ಪಟ ರೆಡಿ ಆಗ್ಬುಟ್ರೆ ಇನ್ನು ಓಗೋದೊಂದೇ ಬಾಕಿ ಅಂತ ನೆನ್ನೆಯಿಂದ ಮುದ್ದೆನೇ ಇಳೀತಿರ್ಲಿಲ್ಲ.”

ಮುಂದಿನ ವಾರ ಸೆಲ್ವಣ್ಣನನ್ನೇ ಕರೆತರುತ್ತೇನೆ, ಕೈ ಪಳಗಿದವನು ಎಂದೆ.

“ಬ್ಯಾಡ್ವೇ ಬ್ಯಾಡ!” ಎಂದು ಗದರಿಸಿದಳು. “ಅವ್ನಾದ್ರೆ ಒಂದೇ ಏಟ್ಗೆ ತೆಗುದ್ಬುಡ್ತಾನೆ. ನೀನೇ ತೆಗೀಬೇಕು ಕಣ್ಲಾ. ನಿನ್ ಕೈಯಾಗೆ ಪಟ ಆಗೋಗಂಟ ನಾನು ಎಲ್ಗೂ ಓಗಲ್ಲ.”

ಈ ಮಾತು ಬೀದಿಯೆಲ್ಲ ಹಬ್ಬಿದೆ. ಬೇತಮಂಗಲದ ಅಜ್ಜ ಅಜ್ಜಿಯರಿಂದ ನನಗೀಗ ಒಂದರ ಹಿಂದೊಂದು ಕರೆ. ಮಕ್ಕಳು ಬೇರೆ ಯಾರನ್ನೋ ಕರೆಸುತ್ತೇವೆಂದರೂ ಅವರು ಒಪ್ಪುತ್ತಿಲ್ಲವಂತೆ. ಪಟ ತೆಗೆಸುವುದಾದರೆ ಬಂಗಾರಪೇಟೆಯ ಆ ಮೇಷ್ಟ್ರೇ ಬರಬೇಕಂತೆ.