ಹಾರ್ಮೋನಿಗೆ ಮೇಲೊಂದು ಮುಚ್ಚಳ

ತೋಟಗಾರಿಕೆ ಇಲಾಖೆಯಿಂದ ನಿವೃತ್ತನಾದ ಮೇಲೆ ನನ್ನನ್ನು ಯಾರೂ ಸಲಹೆ ಕೇಳುವುದಿಲ್ಲ ಅಂದುಕೊಂಡಿದ್ದೆ. ಕೇಳುತ್ತಾರೆ. ಕೇಳಿ, ತಮಗೆ ತೋಚಿದ್ದನ್ನು ಮಾಡಿ, ಆಮೇಲೆ ಏನಾಯಿತೆಂದು ಹೇಳಲು ಮನೆ ಬಾಗಿಲಿಗೇ ಬರುತ್ತಾರೆ. ಅದರಲ್ಲೂ ಕ್ಯಾಲನೂರಿನ ಒಬ್ಬ ರೈತರು ಪಿಂಚಣಿಯಷ್ಟೇ ನಿಯಮಿತ.

೧. ಏಣಿ

ಬದನೆ ಗಿಡ ಕುಳ್ಳಾಗಿವೆ ಎಂದರು. ಕಾಂಡ ಉದ್ದವಾಗಲು ಜಿಬ್ಬರೆಲಿನ್ ಅನ್ನೋ ಹಾರ್ಮೋನು ಇದೆ, ಚೂರೇ ಚೂರು ಸಾಕು ಎಂದೆ. ಆದರೆ ನಮ್ಮ ಕಡೆ ಔಷಧಿಗೆ ಅಳತೆ ಬಾಟಲಿಯ ಮುಚ್ಚಳ. ಟ್ಯಾಂಕಿಗೊಂದು ಮುಚ್ಚಳ, ಮನಸ್ಸಿನ ಸಮಾಧಾನಕ್ಕೆ ಮೇಲೊಂದು. ಗಿಡಗಳು ಎದೆಯೆತ್ತರ ಬೆಳೆದು, ಗಾಳಿ ಬಂದಾಗಲೆಲ್ಲ ಬಗ್ಗಿ ನಮಸ್ಕಾರ ಮಾಡತೊಡಗಿದವು. ಹೂವು ಮಾತ್ರ ಇಲ್ಲ. ಊರಿನ ಆ ತುದಿಯಲ್ಲಿ ತರಕಾರಿ ಬೆಳೆಯುವ ಅವರ ಬಾವ ಬಂದು ನೋಡಿ, "ತೋಪು ಚೆನ್ನಾಗೈತೆ. ನೆರಳಲ್ಲಿ ಒಂದು ಮಂಚ ಹಾಕ್ಸು" ಅಂದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

೨. ಮಣೆ

ಮುಂದಿನ ಬೆಳೆ ಟೊಮ್ಯಾಟೊ. ಉದ್ದದ ಸಹವಾಸವೇ ಬೇಡವೆಂದು, ನನ್ನನ್ನೂ ಕೇಳದೆ, ಕಾಂಡ ಕುಗ್ಗಿಸುವ ಔಷಧಿ ತಂದರು. ಅದೇ ಮುಚ್ಚಳ, ಅದೇ ಸಮಾಧಾನ. ಗಿಡಗಳು ಗೇಣೆತ್ತರದಿಂದ ಮೇಲೇಳಲಿಲ್ಲ. ಆಸರೆಗೆ ನೆಟ್ಟ ಕೋಲುಗಳದ್ದೇ ಬೆಳೆ ಎಂಬಂತಿತ್ತು. ಅವರ ಹೆಂಡತಿ ಬದುವಿನ ಮೇಲೆ ನಿಂತು ತೀರ್ಪು ಕೊಟ್ಟರಂತೆ: "ಹೋದ ಸಲ ಏಣಿ ಬೇಕಿತ್ತು, ಈ ಸಲ ಮಣೆ. ಇನ್ನೊಂದ್ಸಲ ಕೆಟ್ರೆ ಇಲ್ಲಿ ಹಿಪ್ಪುನೇರಳೆ ಹಾಕ್ತೀನಿ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಕೊಂಡಿರಿ. ಅವಕ್ಕೆ ನಿಮ್ಮ ಯಾವ ಔಷಧೀನೂ ಆಗಲ್ಲ."

೩. ಗಂಡಿನ ಕಡೆಯವರು

ಉಳಿದ ಒಂದೇ ಅವಕಾಶಕ್ಕೆ ಸೌತೆ ಹಾಕಿದರು. ಸೌತೆಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು, ಕಾಯಿ ಕಟ್ಟುವುದು ಹೆಣ್ಣು ಹೂವು. ಎಳೆಯದರಲ್ಲೇ ಎಥಿಫಾನ್ ಅನ್ನೋ ಔಷಧಿ ಸಿಂಪಡಿಸಿದರೆ ಹೆಣ್ಣು ಹೂವು ಹೆಚ್ಚುತ್ತದೆ. ಆದರೆ ಪರಾಗಕ್ಕೆ ಗಂಡೂ ಬೇಕು, ಎರಡು ಸಾಲು ಹಾಗೇ ಬಿಡಿ ಎಂದಿದ್ದೆ. ಬಿಟ್ಟರೆ ದಂಡ ಅನ್ನಿಸಿತಂತೆ.

ಒಂದು ಬೆಳಿಗ್ಗೆ ಬಂದು ಮೆಲ್ಲಗೆ ಹೇಳಿದರು: "ಸಾರ್, ತೋಟದ ತುಂಬ ಹೆಣ್ಣು. ಒಂದು ಗಂಡೂ ಇಲ್ಲ."

ಗಂಡು ಹೂವು ಕಿತ್ತು ತಂದು ಹೆಣ್ಣು ಹೂವಿಗೆ ಮುಟ್ಟಿಸಬೇಕು, ಬೇರೆ ದಾರಿಯಿಲ್ಲ ಎಂದೆ. ಊರಲ್ಲಿ ಸೌತೆ ಇದ್ದದ್ದು ಬಾವನ ತೋಟದಲ್ಲಿ ಮಾತ್ರ. ಹೆಂಡತಿಯೇ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ಕಳಿಸಿದರು. ಮಧ್ಯಸ್ಥನಾಗಿ ನಾನೂ ಹೋದೆ. ಮಾತು ಬಿಟ್ಟಿದ್ದವರ ಬಾಯಲ್ಲಿ "ಬಾವಾ" ಎಂಬುದು ಜೇನಿನಂತೆ ಸುರಿಯಿತು. ಬಾವ ತಟ್ಟೆಯನ್ನು ಮುಟ್ಟದೆ, ಇವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಎಷ್ಟು ಗಂಡು ಬೇಕು ಅಂದರು. ಇವರು ತಲೆ ತಗ್ಗಿಸಿ, "ನೂರಾದ್ರೂ ಬೇಕು" ಅಂದರು. ಹೂವಿನ ಆಯುಷ್ಯ ಒಂದೇ ದಿನವಾದ್ದರಿಂದ ಆ ಮರ್ಯಾದೆ ದಿನಾ ಬೆಳಿಗ್ಗೆ ನಡೆಯಿತು.

ಸೌತೆ ಕಾಯಿ ಕಚ್ಚಿತು. ಹಿಪ್ಪುನೇರಳೆಯ ಮಾತು ನಿಂತಿತು. ಮೊದಲ ಕೊಯ್ಲಿನಲ್ಲಿ ಇವರು ಒಂದು ಬುಟ್ಟಿ ಎಳೆಸೌತೆಯನ್ನು ಬಾವನ ಮನೆಗೆ ಹೊತ್ತುಕೊಂಡು ಹೋದರು. ಬಾವ ಬುಟ್ಟಿಯನ್ನು ಹಾಗೇ ಇವರ ತಲೆ ಮೇಲೆ ವಾಪಸ್ಸಿಟ್ಟು ಕಳಿಸಿದರು.

"ಪದ್ಧತಿ ಗೊತ್ತಿಲ್ವೇನಯ್ಯ? ಮಗು ನೋಡೋಕೆ ಗಂಡಿನ ಕಡೆಯವರು ನಾವೇ ಬರ್ತೀವಿ. ಕೋಳಿ ಸಾರು ಮಾಡ್ಸಿರು."